ವೇದಿಕೆಯ ಮೇಲೆ ನಿಮ್ಮ ಪಕ್ಕದ ಜಾಗ

ಚನ್ನಗಿರಿ
ಭಾನುವಾರ, 9 ಮಾರ್ಚ್ 2025

ಶ್ರೀ ಬಸವರಾಜ್ ಅವರಿಗೆ,

ನಿಮ್ಮ ಹೆಂಡತಿ ಪ್ರಮೀಳಾ ಮಾಡುವ ನಮಸ್ಕಾರ. ನಾನು ಇಲ್ಲಿ ಚೆನ್ನಾಗಿದ್ದೇನೆ. ಜಗಳೂರಿನಲ್ಲಿ ನೀವೂ ಚೆನ್ನಾಗಿದ್ದೀರಿ ಅಂತ ಅವ್ವ ಹೇಳಿದಳು. ಅವ್ವನ ಕೈಯ ಪ್ಲಾಸ್ಟರ್ ಬಿಚ್ಚಿದ್ದಾರೆ, ಬೆರಳು ಇನ್ನೂ ಪೂರ್ತಿ ಮಡಚಲು ಬರುವುದಿಲ್ಲ. ನಿಮಗೆ ಉತ್ತರ ಕೊಡುವುದು ತಡವಾಯಿತು, ಕ್ಷಮಿಸಿ. ತಡವಾದದ್ದಕ್ಕೆ ಮಾತ್ರ ಈ ಕ್ಷಮೆ. ಮುಂದೆ ಬರೆಯುವ ಯಾವುದಕ್ಕೂ ಕೇಳುವುದಿಲ್ಲ.

ಫೋನು ಯಾಕೆ ಎತ್ತಲ್ಲ ಅಂತ ಅವ್ವನ ಮೇಲೆ ಕೂಗಾಡಿದಿರಂತೆ. ಫೋನಿನಲ್ಲಿ ನೀವು ಮಾತಾಡುತ್ತೀರಿ, ನಾನು ಹ್ಞೂಂ ಅನ್ನುತ್ತೇನೆ. ಮದುವೆಯಾದಾಗಿನಿಂದ ಹಾಗೇ ನಡೆದಿದೆ. ನನ್ನ ಮಾತು ಬಾಯಿಗೆ ಬರುವುದರೊಳಗೆ ನೀವು "ಸರಿ, ಇಡ್ತೀನಿ" ಅಂದಿರುತ್ತೀರಿ. ಕಾಗದದಲ್ಲಿ ಯಾರೂ ನನ್ನ ಮಾತು ತುಂಡು ಮಾಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಯುಗಾದಿಗೆ ಮುಂಚೆ ಬಂದುಬಿಡಲಿ, ಗಾಡಿ ಕಳಿಸುತ್ತೇನೆ ಅಂದಿದ್ದೀರಿ. ಹೊನ್ನಾಳಿಯ ಸುದ್ದಿ ಮಾತ್ರ ಎತ್ತಲಿಲ್ಲ. ಎತ್ತದೆ ಬಿಟ್ಟರೆ ಅದು ನಡೆದೇ ಇಲ್ಲ ಅಂತ ಆಗಿಬಿಡುತ್ತದೆ ಅಂದುಕೊಂಡಿದ್ದೀರಿ. ನಾನು ಎತ್ತುತ್ತೇನೆ.

ಮದುವೆಗೆ ಮುಂಚೆ ನಾನು ಪೀರ್‌ಸಾಬ್ ಕಾಕಾರ ಸ್ಟುಡಿಯೋದಲ್ಲಿ ಫೋಟೋ ತೆಗೆಯುತ್ತಿದ್ದೆ ಅಂತ ನಿಮಗೆ ಗೊತ್ತು. ಜಗಳೂರಿನಲ್ಲಿ ಇನ್ಯಾರಿಗೂ ಗೊತ್ತಾಗದ ಹಾಗೆ ನೋಡಿಕೊಂಡಿದ್ದೀರಿ. ಅವ್ವನ ಕೈ ಮುರಿಯಿತು ಅಂತ ಬಂದವಳು ಮಧ್ಯಾಹ್ನದ ಹೊತ್ತು ಮತ್ತೆ ಅಲ್ಲಿ ಹೋಗಿ ಕೂರಲು ಶುರು ಮಾಡಿದೆ. ಕಾಕಾರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. "ಹೊನ್ನಾಳ್ಯಾಗೆ ಬೀಜದ ಕಂಪನೀದು ಫಂಕ್ಷನ್ ಐತೆ ಬೇಟಿ, ನೀನು ಗೌಸಿಯಾ ಇಬ್ರೂ ಹೋಗಿ ಬರ್ರಿ" ಅಂದರು. ಗೌಸಿಯಾ ಅವರ ಮಗಳು, ನಮ್ಮ ಮದುವೆಯಲ್ಲಿ ಲೈಟ್ ಹಿಡಿದವಳು. ಯಾವ ಕಂಪನಿ ಅಂತ ಕೇಳಿದೆ. ನಿಮ್ಮದೇ.

ನನಗೆ ಒಳಗೊಳಗೇ ನಗು. ನಿಮಗೆ ಹೇಳಲಿಲ್ಲ. "ಬರೀ ಗಂಡಸರ ಮೀಟಿಂಗು, ಫ್ಯಾಮಿಲಿ ಯಾರೂ ಬರಂಗಿಲ್ಲ" ಅಂತ ಫೋನಿನಲ್ಲಿ ನೀವು ಹೇಳಿದ್ದು ಹಿಂದಿನ ವಾರವೇ. ಫ್ಯಾಮಿಲಿ ಬರುವ ಹಾಗಿಲ್ಲ, ಫೋಟೋದವಳು ಬರಬಹುದಲ್ಲ ಅಂದುಕೊಂಡೆ. ಕೆಲಸಕ್ಕೆ ಹೋಗುವಾಗ ಚೂಡಿದಾರ್ ಹಾಕುವವಳು ಅವತ್ತು ಸೀರೆ ಉಟ್ಟೆ. ಸಾಸ್ವೆಹಳ್ಳಿ ಮೇಲೆ ಹೋಗುವ ಬಸ್ಸಿನಲ್ಲಿ ಗೌಸಿಯಾ "ಏನಕ್ಕಾ, ನೀನೇ ಮದುವಣಗಿತ್ತಿ ಥರ ಹೊಂಟೀಯಾ" ಅಂತ ದಾರಿಯುದ್ದಕ್ಕೂ ರೇಗಿಸಿದಳು.

ಕಲ್ಯಾಣ ಮಂಟಪದ ಮುಂದಿನ ಸಾಲಿನಲ್ಲಿ ನಿಮ್ಮ ಜೊತೆ ಕೆಲಸ ಮಾಡುವವರ ಹೆಂಡತಿಯರು ಕೂತಿದ್ದರು. ಎಲ್ಲರ ತಲೆಯಲ್ಲೂ ಕಂಪನಿ ಕೊಟ್ಟ ಗುಲಾಬಿ. ಮಕ್ಕಳು ಕುರ್ಚಿ ಎಳೆದಾಡುತ್ತಿದ್ದವು. ಗಂಡಸರ ಮೀಟಿಂಗು.

ಮದುವೆಯ ಫೋಟೋ ತೆಗೆದು ರೂಢಿಯಾದವಳಿಗೆ ಕಂಪನಿ ಫಂಕ್ಷನ್ ಬೇರೆಯದೇ ಲೋಕ. ಮದುವೆಯಲ್ಲಿ ಯಾರೋ ಒಬ್ಬ ಸೋದರಮಾವ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ, ಇವರದು ತೆಗಿ, ಅವರದು ತೆಗಿ ಅನ್ನುತ್ತಾನೆ. ಇಲ್ಲಿ ಎಲ್ಲರಿಗೂ ಒಂದೇ ಬಣ್ಣದ ಅಂಗಿ, ಯಾರು ದೊಡ್ಡವರು ಅಂತ ಗೊತ್ತಾಗುವುದಿಲ್ಲ, ಕೇಳಲು ನನಗೆ ಬಾಯಿಲ್ಲ. ನಿಮ್ಮ ಮ್ಯಾನೇಜರ್ ನಾಗರಾಜ್ ಅವರೇ ಬಂದು ಹೇಳಿದರು. "ನೋಡಮ್ಮ, ಯಾರ ತಲೆ ಕಟ್ ಆದ್ರೂ ನಡೀತೈತೆ, ಹಿಂದ್ಗಡೆ ಬ್ಯಾನರ್ ಕಟ್ ಆಗಬಾರ್ದು." ವೇದಿಕೆಗೆ ನೀಲಿ ಲೈಟು ಹಾಕಿದ್ದರು. ಅದನ್ನು ಆರಿಸಿ ಅನ್ನಲೂ ನನಗೆ ಧೈರ್ಯವಿಲ್ಲ. ಗೌಸಿಯಾ ಅಲ್ಲಿಂದಲೇ ಕೂಗಿದಳು, "ಅಣ್ಣಾ, ನೀಲಿ ತೆಗಿ ಅತ್ಲಾಗೆ, ಎಲ್ಲಾರೂ ಹೊಳ್ಯಾಗೆ ಬಿದ್ದೋರಂಗೆ ಕಾಣ್ತಾರೆ."

ನಾಗರಾಜ್ ಅವರ ಹೆಂಡತಿ ನಿರ್ಮಲಮ್ಮ ತಮ್ಮದೊಂದು ಫೋಟೋ ತೆಗೆಸಿಕೊಂಡರು. ಒಳ್ಳೆಯ ಹೆಂಗಸು, ನೀರು ಬೇಕಾ ಅಂತ ಕೇಳಿದವರು ಅವರೊಬ್ಬರೇ. ಆಮೇಲೆ ನಿಮ್ಮನ್ನು ತೋರಿಸಿ ಹೇಳಿದರು. "ಅಗಾ, ಕಂಬದ ಹತ್ರ ನಿಂತಾರಲ್ಲ, ಬಸವರಾಜ್ ಅಂತ. ಈ ಸಲ ಫಸ್ಟ್ ಪ್ರೈಜ್ ಅವರಿಗೇ, ಚೆನ್ನಾಗಿ ತೆಗಿಯಮ್ಮ. ಹೆಂಡ್ತಿ ನ್ಯಾಮತಿ ಹೈಸ್ಕೂಲ್ನಾಗೆ ಟೀಚರ್ ಅಂತೆ. ಇಷ್ಟು ದಿನ ಆತು, ಒಂದು ಸಲನೂ ಮುಖ ತೋರ್ಸಿಲ್ಲ ಪುಣ್ಯಾತ್ಗಿತ್ತಿ. ಓದಿದೋರಿಗೆ ಧಿಮಾಕು ಜಾಸ್ತಿ."

"ಹೌದಮ್ಮ" ಅಂದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ಇನ್ನೇನು ಅನ್ನಲಿ?

ನಾನು ಕೆಲಸಕ್ಕೆ ಹೋಗುವವಳ ಹಾಗೆ ಮನೆಯಿಂದ ಹೊರಟಿದ್ದರೆ ಇಷ್ಟು ಆಗುತ್ತಿರಲಿಲ್ಲವೋ ಏನೋ. ನಿಮ್ಮನ್ನು ನೋಡಲು ಹೊರಟುಬಿಟ್ಟಿದ್ದೆ. ನೀವು ನನ್ನನ್ನು ಕಂಡದ್ದು ಟೀ ಡ್ರಮ್ಮಿನ ಹತ್ತಿರ. ನಿಮ್ಮ ಮುಖ ಹೇಗಾಗುತ್ತದೆ ನೋಡಬೇಕು ಅಂತ ಬಂದಿದ್ದೆ, ನೋಡಿದೆ. "ನೀನ್ಯಾಕೆ ಬಂದೆ ಇಲ್ಲಿ" ಅಂದಿರಿ. ಕಾಕಾರ ಕಣ್ಣಿನ ವಿಷಯ ಹೇಳಲು ಹೋದೆ. ಕೇಳಿಸಿಕೊಳ್ಳಲಿಲ್ಲ. "ಕೆಲ್ಸ ಮುಗ್ಸಿ ಸುಮ್ನೆ ಹೋಗ್ತಾ ಇರು. ಯಾರಾರ ಕೇಳಿದ್ರೆ ಸ್ಟುಡಿಯೋದವಳು ಅನ್ನು." ಲೋಟದಲ್ಲಿದ್ದ ಟೀ ಅರ್ಧಕ್ಕೇ ಬಿಟ್ಟು ಹೋದಿರಿ.

ಸರಿ, ನಾನು ಸ್ಟುಡಿಯೋದವಳು. ನಿಮ್ಮ ಹೆಸರು ಕರೆದಾಗ ಬಗ್ಗಿಕೊಂಡು ವೇದಿಕೆಯ ಮುಂದೆ ಬಂದೆ. ಬಹುಮಾನ ದಂಪತಿಗೆ. ಗಂಡನಿಗೆ ಶಾಲು, ಹೆಂಡತಿಗೆ ಸೀರೆ. ನಿಮ್ಮ ಎಂ.ಡಿ. ಸಾಹೇಬರು ಸೀರೆ ಹಿಡಿದುಕೊಂಡು ಮೈಕಿನಲ್ಲೇ ಕೇಳಿದರು, "ಎಲ್ರೀ ನಿಮ್ಮ ಮನೆಯವರು?" ನೀವು ತಡವರಿಸಲಿಲ್ಲ. "ನಮ್ಮ ಮಿಸೆಸ್ ಟೀಚರ್ ಸರ್. ಪ್ರಿಪರೇಟರಿ ಎಕ್ಸಾಮ್ ನಡೀತಾ ಐತೆ, ರಜಾ ಸಿಗ್ಲಿಲ್ಲ." ಸಾಹೇಬರಿಗೆ ಖುಷಿಯಾಯಿತು. ಮಕ್ಕಳ ಭವಿಷ್ಯ ರೂಪಿಸುವ ತಾಯಿಗೆ ಜೋರಾಗಿ ಚಪ್ಪಾಳೆ ಹೊಡೆಯಿರಿ ಅಂದರು. ಸಭೆಯೆಲ್ಲ ಹೊಡೆಯಿತು. ನೀವೂ ಹೊಡೆದಿರಿ.

ಸಾಹೇಬರು ಅಷ್ಟಕ್ಕೇ ಬಿಡಲಿಲ್ಲ. ನಿಮ್ಮ ಪಕ್ಕದ ಜಾಗ ತೋರಿಸಿ, "ಇಲ್ಲಿ ಖಾಲಿ ಬಿಟ್ಟರೆ ಚೆನ್ನಾಗಿ ಕಾಣಲ್ಲ. ಫೋಟೋಗ್ರಾಫರ್ ಮೇಡಂ, ನೀವೇ ಬಂದು ಒಂದು ನಿಮಿಷ ನಿಂತ್ಕೊಂಡುಬಿಡಿ" ಅಂದರು. ಎಲ್ಲರೂ ನಕ್ಕರು. ನಾಗರಾಜ್ ಅವರು ಕೆಳಗಿನಿಂದ, "ಬ್ಯಾಡ ಸರ್, ಟೀಚರಮ್ಮಂಗೆ ಗೊತ್ತಾದ್ರೆ ಬೆತ್ತ ತಗಂಡು ಬರ್ತಾರೆ" ಅಂದರು. ಅದಕ್ಕೂ ನಕ್ಕರು. ನೀವು ಎಲ್ಲರಿಗಿಂತ ಜೋರಾಗಿ ನಕ್ಕು, "ಬಿಡ್ರಿ ಸರ್, ಪಾಪ, ಅವರ ಕೆಲ್ಸ ಅವರು ಮಾಡ್ಕೊಳ್ಳಲಿ" ಅಂದಿರಿ. ಇಷ್ಟು ದಿನದಲ್ಲಿ ನನಗೆ ನೀವು ಬಹುವಚನ ಕೊಟ್ಟದ್ದು ಅದೊಂದೇ ಸಲ.

"ಸರ್, ಸ್ವಲ್ಪ ಎಡಕ್ಕೆ ಬನ್ನಿ" ಅಂದೆ. ಬಂದಿರಿ. ತೆಗೆದೆ. ಬ್ಯಾನರ್ ಪೂರ್ತಿ ಬಂದಿದೆ.

ಕೆಲಸ ಮುಗಿಸಿ ಬಂದಾಗಲೆಲ್ಲ ಕಾಕಾ ಒಂದೇ ಪ್ರಶ್ನೆ ಕೇಳುತ್ತಾರೆ. "ಏನ್ ಕಲ್ತ್ಕಂಡು ಬಂದೆ?" ಕಂಪನಿ ಫಂಕ್ಷನ್ನಿಗೆ ಹೋದರೆ ಯಾರ್‍ಯಾರು ವೇದಿಕೆಗೆ ಬರುತ್ತಾರೆ ಅಂತ ಮೊದಲೇ ಕೇಳಿ ಬರೆದುಕೊಳ್ಳಬೇಕು, ಲೈಟಿನವನನ್ನು ಮೊದಲೇ ಮಾತಾಡಿಸಬೇಕು, ಬಹುಮಾನ ಕೊಡುವವರು ತೆಗೆದುಕೊಳ್ಳುವವರ ಮುಖ ನೋಡುವುದಿಲ್ಲವಾದ್ದರಿಂದ ಇಬ್ಬರನ್ನೂ ಕರೆದು ಕರೆದು ಈ ಕಡೆ ತಿರುಗಿಸಬೇಕು ಅಂತ ಹೇಳಿದೆ. ಕಾಕಾ ತಲೆದೂಗಿದರು.

ಅವರಿಗೆ ಹೇಳದೆ ಉಳಿಸಿಕೊಂಡದ್ದು ನಿಮಗೆ. ಕ್ಯಾಮೆರಾ ಹಿಡಿದವಳನ್ನು ಜನ ಕುರ್ಚಿ, ಕಂಬದ ಲೆಕ್ಕಕ್ಕೆ ಸೇರಿಸಿರುತ್ತಾರೆ, ಅವಳ ಎದುರಿಗೆ ಹೇಳುವ ಸುಳ್ಳಿಗೆ ಯಾರಿಗೂ ನಾಚಿಕೆ ಇರುವುದಿಲ್ಲ ಅಂತ ಕಲಿತೆ. ಮಾತಿಗೆ ಮುಂಚೆ ನಗುವವರು ತಮ್ಮ ಬಗ್ಗೆಯೇ ಹೆದರಿರುತ್ತಾರೆ ಅಂತ ಕಲಿತೆ. ಅಲ್ಲಿ ನೀವೇ ಎಲ್ಲರಿಗಿಂತ ಹೆಚ್ಚು ಹೆದರಿದ್ದಿರಿ. ಯಾರಿಗೆ ಹೆದರಿದ್ದು? ನನಗೆ ನೀರು ಬೇಕಾ ಅಂತ ಕೇಳಿದ ನಿರ್ಮಲಮ್ಮನಿಗಾ?

ನನ್ನನ್ನು ನೋಡಲು ಬಂದ ದಿನ ನಾನು ಎಷ್ಟು ಓದಿದ್ದೇನೆ ಅಂತ ಅಪ್ಪ ಮುಚ್ಚಿಡಲಿಲ್ಲ. "ಓದು ತಗಂಡು ಏನ್ ಮಾಡಾಕೈತೆ ಮಾವ, ಮನೆ ನಡೆಸಿದ್ರೆ ಸಾಕು" ಅಂತ ನಮ್ಮ ಪಡಸಾಲೆಯಲ್ಲಿ ಕೂತು ಹೇಳಿದವರು ನೀವೇ. ನಾನು ನಿಮ್ಮ ಮನೆ ನಡೆಸಿದೆ. ನೀವು ಆಫೀಸಿನಲ್ಲಿ ಇನ್ನೊಬ್ಬಳನ್ನು ನಡೆಸಿಕೊಂಡು ಬಂದಿದ್ದೀರಿ. ಅವಳಿಗೆ ಊರು ಕೊಟ್ಟಿರಿ, ಕೆಲಸ ಕೊಟ್ಟಿರಿ, ಚಪ್ಪಾಳೆಯನ್ನೂ ಕೊಡಿಸಿದಿರಿ. ನಿಜವಾಗಿ ಒಬ್ಬಳು ಇದ್ದಿದ್ದರೆ ಕೂದಲು ಹಿಡಿದು ಜಗಳವಾಡಬಹುದಿತ್ತು.

ಅವ್ವನಿಗೆ ಅರ್ಧ ಹೇಳಿದೆ. "ಗಂಡಸರು ಆಫೀಸಿನಾಗೆ ನೂರು ಹೇಳ್ತಾರೆ, ಅದನ್ನ ಹಿಡ್ಕಂಡು ಕೂರ್ತಾರೇನೇ? ಟೀಚರ್ ಅಂದ್ನಪ್ಪ, ಕಳ್ಳಿ ಅಂದ್ನಾ?" ಅಂದಳು. ಅವ್ವ ನಿಮ್ಮ ಕಡೆಗೇ ಇದ್ದಾಳೆ, ಸಂತೋಷಪಡಿ.

ಆ ಸೀರೆಯನ್ನು ಬಸ್ಸಿನಲ್ಲಿ ಕಳಿಸಿದ್ದೀರಿ, ತಲುಪಿತು. ಈ ಕಾಗದದ ಜೊತೆ ವಾಪಸ್ ಕಳಿಸುತ್ತಿದ್ದೇನೆ. ಅದು ನ್ಯಾಮತಿಯವರಿಗೆ ಕೊಟ್ಟದ್ದು. ನಾನು ಮಡಿಕೆ ಬಿಚ್ಚಿಲ್ಲ.

ಯುಗಾದಿಗೆ ಬರುವುದಿಲ್ಲ. ಗಾಡಿ ಕಳಿಸಬೇಡಿ, ಖಾಲಿ ತಿರುಗುತ್ತದೆ. ನಾನು ಬರಬೇಕಾದರೆ ನಾಗರಾಜ್ ಅವರನ್ನೂ ನಿರ್ಮಲಮ್ಮನವರನ್ನೂ ಜಗಳೂರಿನ ಮನೆಗೆ ಊಟಕ್ಕೆ ಕರೆಯಿರಿ. ಇವಳೇ ನನ್ನ ಹೆಂಡತಿ, ಐದನೇ ಕ್ಲಾಸು ಓದಿದ್ದಾಳೆ, ಅವತ್ತು ಫೋಟೋ ತೆಗೆದವಳು ಇವಳೇ ಅಂತ ನಿಮ್ಮ ಬಾಯಿಂದ ಹೇಳಬೇಕು. ಬಡಿಸುವುದು ನನ್ನ ಕೆಲಸ. ಅಲ್ಲಿಯವರೆಗೆ ನಾನು ಸ್ಟುಡಿಯೋದವಳು. ಹಾಗೆ ಹೇಳು ಅಂತ ಕಲಿಸಿದವರು ನೀವು.

ಮೇಲಿನ ಶಿವ ನಿಮ್ಮನ್ನು ಚೆನ್ನಾಗಿಟ್ಟಿರಲಿ. ಬಿಸಿಲಲ್ಲಿ ಹಳ್ಳಿ ಹಳ್ಳಿ ತಿರುಗುವವರು, ಹೊತ್ತಿಗೆ ಸರಿಯಾಗಿ ಊಟ ಮಾಡಿ. ನ್ಯಾಮತಿಯ ಟೀಚರಮ್ಮನಿಗೂ ಒಳ್ಳೆಯದಾಗಲಿ. ಅವರ ಮಕ್ಕಳೆಲ್ಲ ಪರೀಕ್ಷೆಯಲ್ಲಿ ಪಾಸಾಗಲಿ.

ಇಂತಿ,
ಪ್ರಮೀಳಾ
ಪೀರ್‌ಸಾಬ್ ಅವರ ಸ್ಟುಡಿಯೋ, ಚನ್ನಗಿರಿ

ವಿ.ಸೂ.: ಒಂದು ಮಾತು ಬರೆಯಬಾರದು ಅಂತಲೇ ಇದ್ದೆ. ಸಾಹೇಬರು ಬಂದು ನಿಂತುಕೊಳ್ಳಿ ಅಂದಾಗ ಎಲ್ಲರೂ ನಕ್ಕರು ಅಂತ ಮೇಲೆ ಬರೆದೆ. ನಾನು ನಗಲಿಲ್ಲ. ಅದು ತಮಾಷೆ ಅಂತ ನನಗೆ ಗೊತ್ತಾಗಲೇ ಇಲ್ಲ. ಟೀ ಡ್ರಮ್ಮಿನ ಹತ್ತಿರ ಅಷ್ಟು ಅನ್ನಿಸಿಕೊಂಡ ಮೇಲೂ, ಈಗ ನೀವು ನನ್ನ ಹೆಂಡತಿ ಇವಳೇ ಅಂತ ಹೇಳಿಯೇ ಬಿಡುತ್ತೀರಿ ಅಂದುಕೊಂಡೆ. ಕ್ಯಾಮೆರಾದ ಪಟ್ಟಿ ಕುತ್ತಿಗೆಯಿಂದ ತೆಗೆದು ಗೌಸಿಯಾ ಕೈಗೆ ಕೊಟ್ಟೆ, ಸೆರಗು ಸರಿಮಾಡಿಕೊಂಡು ಮೆಟ್ಟಿಲ ಮೇಲೆ ಕಾಲಿಟ್ಟೆ. ಆಗ ನೀವು ನಗುತ್ತಲೇ ತಲೆ ಅಲ್ಲಾಡಿಸಿದಿರಿ, ಸ್ವಲ್ಪವೇ, ಬೇಡ ಅಂತ. ಸಭೆಗೆ ಕಾಣಲಿಲ್ಲ. ಗೌಸಿಯಾಗೆ ಕಂಡಿತು. ಹೋಗುವಾಗ ಅಷ್ಟು ರೇಗಿಸಿದ ಹುಡುಗಿ, ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನನ್ನು ಕಿಟಕಿಯ ಪಕ್ಕ ಕೂರಿಸಿ, ಚನ್ನಗಿರಿ ಬರುವವರೆಗೂ ಕ್ಯಾಮೆರಾ ಚೀಲವನ್ನು ತನ್ನ ತೊಡೆಯ ಮೇಲೇ ಇಟ್ಟುಕೊಂಡಿದ್ದಳು.