ಪಂಪಾವತಿಯ ಬಕಲ್

ಹುಲುಗೇಶ್,

ಇವತ್ತು ಬೆಳಿಗ್ಗೆ ನಿನ್ನ ಮಗಳು ಪಂಪಾವತಿ ನನ್ನನ್ನೂ ಹಂಪಿಯ ಬಂಡೆಗೆ ಕರೆದೊಯ್ದಳು. ಬಂದವರಿಗೆ ಹಗ್ಗ ಕಟ್ಟಿ ಹತ್ತುವುದನ್ನು ಕಲಿಸುವುದೇ ಈಗ ಅವಳ ಕೆಲಸ. ಸೊಂಟಕ್ಕೂ ತೊಡೆಗೂ ಬಿಗಿಯುವ ಪಟ್ಟಿ, ಹಾರ್ನೆಸ್, ಕೊಟ್ಟಳು. ಗಣಿಯಲ್ಲಿ ನಾವಿಬ್ಬರೂ ಬೆಲ್ಟ್ ಕಟ್ಟುತ್ತಿದ್ದ ಹಾಗೆ ಸೆಕೆಗೆ ಸಡಿಲವಾಗಿ, ಹೊಟ್ಟೆಯ ಕೆಳಗೆ ಕಟ್ಟಿಕೊಂಡೆ. ಆಗ ಬೆಲ್ಟ್ ಸೂಪರ್‌ವೈಸರ್ ಕಣ್ಣಿಗೆ ಬಿದ್ದರೆ ಸಾಕಿತ್ತಲ್ಲ.

“ಕಾಕಾ, ಯಾರಿಗೆ ತೋರ್ಸಾಕ ಹಾಕ್ಕೊಂಡೀರಿ ಇದನ್ನ? ತಲೆಕೆಳಗಾದ್ರ ಜಾರಿ ಹೋಗ್ತೀರಿ,” ಎಂದು ನಕ್ಕಳು.

ಪಟ್ಟಿಯನ್ನು ಸೊಂಟದ ಎಲುಬಿನ ಮೇಲಕ್ಕೆ ಎಳೆದು ಬಿಗಿದಳು. ತುದಿಯನ್ನು ಬಕಲ್‌ನೊಳಗೆ ಮತ್ತೆ ಹಿಂದಕ್ಕೆ ಪೋಣಿಸಿದಳು. ತೊಡೆಯ ಪಟ್ಟಿಗಳಲ್ಲಿ ಅಂಗೈ ತೂರುವಷ್ಟೇ ಜಾಗ ಬಿಟ್ಟಳು. ಆಮೇಲೆ ತನ್ನದನ್ನು ಕಟ್ಟಿಕೊಂಡು ನನ್ನೆದುರು ನಿಂತಳು.

“ಈಗ ನಂದು ನೋಡ್ರಿ. ಒಬ್ರದು ಒಬ್ರು ನೋಡ್ದ ಇಲ್ಲಿ ಯಾರೂ ಹತ್ತಂಗಿಲ್ಲ.”

ನಮ್ಮ ಗಣಿಯಲ್ಲಿ ಆ ಪದ್ಧತಿ ಇರಲಿಲ್ಲ. ನೀನು ಬಿದ್ದು ತೀರಿಕೊಂಡ ದಿನ ನಾನು ನಿನ್ನ ಪಕ್ಕದಲ್ಲೇ ನಿಂತು ನನ್ನ ಬೆಲ್ಟ್ ಕಟ್ಟಿಕೊಂಡಿದ್ದೆ; ನಿನ್ನದನ್ನು ನೋಡಿರಲಿಲ್ಲ.

ಅವಳ ಬಕಲ್ ಹಿಡಿದು ಎಳೆದೆ.

“ಜೋರಾಗಿ ಎಳೀರಿ, ನಾ ಏನ್ ಮುರಿಯಂಗಿಲ್ಲ.”

ಜೋರಾಗಿ ಎಳೆದೆ. ಅಲ್ಲಾಡಲಿಲ್ಲ. ಬಂಡೆ ಇನ್ನೂ ತಂಪಾಗಿತ್ತು, ಕೆಳಗೆ ಬಾಳೆತೋಟಕ್ಕೆ ನೀರು ಹರಿಯುತ್ತಿತ್ತು. ‘ಸರಿ ಇದೆ’ ಎಂದು ನಾನು ಬಾಯಿಬಿಟ್ಟು ಹೇಳಬೇಕಂತೆ. ಹೇಳುವ ಮುನ್ನ ಇನ್ನೊಮ್ಮೆ ಎಳೆದು ನೋಡಿದೆ. ಅವಳು ಅವಸರ ಮಾಡಲಿಲ್ಲ.