ಗುಡಾಣದ ಹೊಟ್ಟೆ ಒತ್ತಬೇಡ

ಅಮ್ಮಾ,

ಬೇಸಿಗೆಯ ಗಾಳಿ ಬೆಳಗ್ಗೆಯೇ ಶುರುವಾಗಿದೆ. ನಾನು ಕೆರೆಯಿಂದ ಮಣ್ಣು ತರಲು ಹೊರಟೆ.

ಹಗ್ಗದಂತೆ ಹೊಸೆದ ಮಣ್ಣು ಸುತ್ತಿ ಸುತ್ತಿ ಕಟ್ಟುತ್ತಿರುವ ಆ ದೊಡ್ಡ ಗುಡಾಣಕ್ಕೆ ಗಂಟೆಗೊಮ್ಮೆ ಒದ್ದೆ ಬಟ್ಟೆ ಹೊದಿಸು. ಒಣಗಿ ಬಿರುಕು ಬಿಟ್ಟರೆ ಎರಡು ವಾರದ ಕೆಲಸ ಹಾಳು.

ಅದರ ಹೊಟ್ಟೆಯನ್ನು ನಿನ್ನ ಹೊಟ್ಟೆಯ ಅಳತೆಗೇ ಮಾಡಿದ್ದು ಎಂದು ನಿನ್ನೆ ಬಾಯಿಬಿಟ್ಟದ್ದು ನನ್ನದೇ ತಪ್ಪು. ಬೆಳಗ್ಗೆ ನೋಡಿದರೆ ಅದರ ಹೊಟ್ಟೆ ಎರಡು ಬೆರಳು ಒಳಕ್ಕೆ ಹೋಗಿದೆ! “ನಾನೆಲ್ಲಿ ಮುಟ್ಟಿದೆ ಕಣೇ?” ಅನ್ನಬೇಡ. ನಿನ್ನ ಬಳೆಯ ಗುರುತು ಮಣ್ಣಿನ ಮೇಲೆ ಕೂತಿದೆ. ಒಳಗಿನಿಂದ ಒತ್ತಿ ಮತ್ತೆ ಉಬ್ಬಿಸಿದ್ದೇನೆ. ಇನ್ನೊಮ್ಮೆ ಕೈಯಿಟ್ಟರೆ ಸೀಳಿಯೇ ಹೋಗುತ್ತದೆ.

ಒಂಬತ್ತು ತಿಂಗಳು ನನ್ನನ್ನು ಹೊತ್ತ ಹೊಟ್ಟೆಯ ಋಣವನ್ನು ಮಣ್ಣಿನಲ್ಲಾದರೂ ತೀರಿಸೋಣ ಎಂದು ಕೂತಿದ್ದೇನೆ. ಅದನ್ನು ತೆಳ್ಳಗೆ ಮಾಡಿ ನನ್ನ ಸಾಲ ಕಡಿಮೆ ಮಾಡಬೇಡ, ಮಾರಾಯ್ತಿ.