ಅಜ್ಜಿಯ ಬೆನ್ನಿನ ಅಳತೆ

ಮನೆಯಿಂದ,
ಜೂನ್ ಹದಿನಾಲ್ಕು, ಭಾನುವಾರ

ಪ್ರೀತಿಯ ಅಮ್ಮಾ,

ಮೊದಲಿಗೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ನೋಡಿ ನಗಬೇಡ. ಹೊಲಿಗೆಯಾದರೆ ನೆಟ್ಟಗೆ ಬರುತ್ತದೆ, ಬರವಣಿಗೆ ಮಾತ್ರ ಸಾಲು ಬಿಟ್ಟು ಓಡುತ್ತದೆ. ತಪ್ಪಿದ್ದ ಕಡೆ ನೀನೇ ತಿದ್ದಿಕೊಂಡು ಓದು. ಫೋನು ಹಿಡಿದರೆ ನನ್ನ ಬಾಯಿಂದ ಮಾತೇ ಹೊರಡುವುದಿಲ್ಲ, ನಿನಗೆ ಗೊತ್ತಲ್ಲ, ಅದಕ್ಕೇ ಈ ಕಾಗದ. ನೀನು ಹೇಗಿದ್ದೀಯ? ಒಲೆಗೆ ತಾಗಿ ಸುಟ್ಟಿದ್ದ ಮಣಿಕಟ್ಟು ವಾಸಿಯಾಯಿತಾ? ಹಡಗು ಅಲ್ಲಾಡುವಾಗ ಅಡುಗೆಮನೆಯಲ್ಲಿ ಅಷ್ಟು ದೊಡ್ಡ ಪಾತ್ರೆಗಳನ್ನು ಹೇಗೆ ಹಿಡಿದುಕೊಳ್ಳುತ್ತೀಯೋ, ನೆನೆಸಿಕೊಂಡರೆ ನಾನು ಇಲ್ಲೇ ಮೇಜು ಹಿಡಿದುಕೊಳ್ಳುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲರಿಗೂ ಬಡಿಸಿ, ಕೊನೆಗೆ ನಿಂತುಕೊಂಡೇ ನಾಲ್ಕು ತುತ್ತು ತಿನ್ನುವವಳು ನೀನು.

ನೀನು ಕಳಿಸಿದ ಪೆಟ್ಟಿಗೆ ಬಂತು ಅಮ್ಮಾ! ಲಾಂಡ್ರಿ ಕೆಲಸದಿಂದ ಬಂದವನು ಕೈಕಾಲು ತೊಳೆಯದೆ ಬಿಚ್ಚಿಬಿಟ್ಟೆ. ಚಕ್ರದ ಕತ್ತರಿ ಬಟ್ಟೆಯ ಮೇಲೆ ಉರುಳಿಸಿದರೆ ಸಾಕು, ಬೆಣ್ಣೆಯಲ್ಲಿ ಎಳೆದ ಹಾಗೆ ಹೋಗುತ್ತದೆ. ಅಜ್ಜಿ ಅದನ್ನು ತಿರುಗಿಸಿ ನೋಡಿ, "ಇದೇನೋ, ಆಟದ ಸೈಕಲ್ಲಿನ ಚಕ್ರ ಕಿತ್ತು ಕಳಿಸಿದ್ದಾಳಾ ನಿಮ್ಮಮ್ಮ?" ಅಂದಳು. ಹೊಲಿಗೆ ಬಿಚ್ಚುವ ಕವಲು ಮೊನೆಯ ಕಡ್ಡಿ, ಗುಂಡುಸೂಜಿಯ ಬದಲು ಕಚ್ಚಿಸುವ ಬಣ್ಣಬಣ್ಣದ ಕ್ಲಿಪ್ಪು, ತೋಳಿನ ತಿರುವು ಬರೆಯುವ ಬಾಗಿದ ಸ್ಕೇಲು, ಒಂದೊಂದನ್ನೂ ಮೇಜಿನ ಮೇಲೆ ಜೋಡಿಸಿ ಸುಮ್ಮನೆ ನೋಡುತ್ತಾ ಕೂತೆ. ಜೊತೆಗಿದ್ದ ಹೊಲಿಗೆ ಪುಸ್ತಕವನ್ನಂತೂ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದೇನೆ. ಅರ್ಥವಾಗದ ಕಡೆ ಚಿತ್ರವಿದೆ. ಅದರಲ್ಲಿ ಒಂದು ಇಡೀ ಪಾಠ ಬಾಗಿದ ಬೆನ್ನಿನವರ ಬಟ್ಟೆಯ ಬಗ್ಗೆ. ಅದನ್ನು ನೋಡಿದ ಕೂಡಲೇ ಆ ಪುಟದ ಮೂಲೆ ಮಡಿಸಿಟ್ಟೆ.

ಯಾಕೆಂದು ಹೇಳುತ್ತೇನೆ. ಪ್ರತಿ ಸಲ ಫೋನಿನಲ್ಲಿ ನೀನು ಕೇಳುವುದು ಒಂದೇ ಮಾತು, ಅಜ್ಜಿ ಮೆಟ್ಟಿಲಿಳಿದು ಹೊರಗೆ ಹೋದಳಾ ಅಂತ. ಅವಳು ನಿನಗೆ ಮಂಡಿ ನೋವು ಅಂದಿದ್ದಾಳೆ. ಮಂಡಿನೂ ಇಲ್ಲ ಗಿಂಡಿನೂ ಇಲ್ಲ. ಚಳಿಗಾಲದಲ್ಲಿ ನಾವಿಬ್ಬರೂ ಬೇಕರಿಯ ಮುಂದೆ ಹೋಗುತ್ತಿದ್ದಾಗ ಅದರ ದೊಡ್ಡ ಗಾಜಿನಲ್ಲಿ ಅವಳು ತನ್ನನ್ನೇ ನೋಡಿಕೊಂಡಳು. ಗೌನು ಮುಂದೆ ನೆಲ ಗುಡಿಸುತ್ತಿತ್ತು, ಹಿಂದೆ ಮೀನಖಂಡ ಕಾಣುವಷ್ಟು ಮೇಲಕ್ಕೆ ಹೋಗಿತ್ತು. ಬೆನ್ನು ಬಾಗಿದ ಮೇಲೆ ಅವಳ ಎಲ್ಲ ಬಟ್ಟೆಯೂ ಹಾಗೆಯೇ. "ಇದ್ಯಾವುದೋ ಮುದುಕಿ" ಅಂದಳು, ತಿರುಗಿ ನೋಡದೆ ಮನೆಯ ದಾರಿ ಹಿಡಿದಳು. ಅಂದಿನಿಂದ ಕೆಳಗಿನ ಗುಂಡಿ-ದಾರದ ಅಂಗಡಿಯವಳ ಹತ್ತಿರವೂ ಹೋಗಿಲ್ಲ. ಸಂಜೆಯಾದರೆ ಅವರಿಬ್ಬರೂ ಅಂಗಡಿ ಮುಂದೆ ಕೂತು ಬೀದಿಯವರನ್ನೆಲ್ಲ ತೂಗಿ ಅಳೆಯುತ್ತಿದ್ದರಲ್ಲ, ಈಗ ಅಜ್ಜಿಯ ಸ್ಟೂಲಿನ ಮೇಲೆ ನೂಲಿನ ಡಬ್ಬ ಕೂತಿದೆ. ನಾನು ದಾರ ತರಲು ಹೋದರೆ ಆ ಹೆಂಗಸು, "ಏನಪ್ಪಾ, ನಿಮ್ಮಜ್ಜಿ ಮಹಾರಾಣಿ ಆಗ್ಬಿಟ್ಲಾ? ದರ್ಶನಾನೇ ಇಲ್ಲ!" ಅನ್ನುತ್ತಾಳೆ. ನಗುತ್ತಲೇ ಅನ್ನುತ್ತಾಳೆ, ಆದರೆ ಕಣ್ಣು ಮಾತ್ರ ನಮ್ಮ ಕಿಟಕಿಯ ಕಡೆ.

ಅಜ್ಜಿಗೆ ಒಂದು ಗೌನು ಹೊಲಿದೇ ತೀರುತ್ತೇನೆ ಅಂತ ಹೊರಟೆ. ಲಾಂಡ್ರಿಯ ಯಜಮಾನರು ಹರಿದ ಹಾಸುಬಟ್ಟೆ ಕೊಟ್ಟರು, ಮೊದಲು ಅದರಲ್ಲಿ ಒಂದು ಕಚ್ಚಾ ಗೌನು ಹೊಲಿದು ನೋಡಬೇಕು ಎಂದು ಪುಸ್ತಕದಲ್ಲಿದೆ. ಅಳತೆ ತೆಗೆದೆ, ಕತ್ತರಿಸಿದೆ, ಹೊಲಿದೆ, ತೊಡಿಸಿದೆ. ಗೊಂಬೆಗೆ ಹಾಕಿದ ಹಾಗೆ ಕೂತಿತು! ನಾನು ಕುಣಿಯುವುದೊಂದೇ ಬಾಕಿ. ಅಷ್ಟರಲ್ಲಿ ಅಜ್ಜಿ ಹಿಡಿದಿದ್ದ ಉಸಿರು ಬಿಟ್ಟಳು. ಬಿಟ್ಟ ಕೂಡಲೇ ಮುಂದಿನ ಅಂಚು ಧೊಪ್ಪನೆ ನೆಲಕ್ಕೆ, ಹಿಂದಿನದು ಮೇಲಕ್ಕೆ. ಆಗ ನನಗೆ ತಿಳಿಯಿತು, ಟೇಪು ಕಂಡರೆ ಸಾಕು, ಅವಳು ಫೋಟೋಗೆ ನಿಂತ ಹಾಗೆ ಎದೆ ಸೆಟೆಸಿ ಉಸಿರು ಬಿಗಿಹಿಡಿಯುತ್ತಾಳೆ. ನಾನು ಅಳೆದದ್ದು ಆ ಬಿಗುಮಾನದ ಹೆಂಗಸನ್ನು, ನಮ್ಮಜ್ಜಿಯನ್ನಲ್ಲ. ಅವಳೋ, "ದರ್ಜಿ ಸಾಹೇಬ್ರೇ, ಇದನ್ನ ಹಾಕ್ಕೊಂಡ ಮೇಲೆ ಉಸಿರಾಡೋ ಹಾಗಿಲ್ವಾ?" ಅಂತ ಕೇಳಿದಳು. ಕೇಳಿ ನಕ್ಕಳು, ನಕ್ಕು ಒಳಗೆ ಹೋದಳು. ಅವಳು ಹಾಗೆ ಒಳಗೆ ಹೋದದ್ದು ನನಗೆ ಸರಿಬೀಳಲಿಲ್ಲ ಅಮ್ಮಾ. ಇನ್ನೊಂದು ಸಲ ಕೆಟ್ಟರೆ ಅವಳು ಮತ್ತೆ ತೊಟ್ಟು ನೋಡುವುದೇ ಇಲ್ಲ ಅನ್ನಿಸಿತು.

ಅದಕ್ಕೇ ಒಂದು ಉಪಾಯ ಮಾಡಿದೆ. ಸೂಜಿಗೆ ದಾರ ಪೋಣಿಸಿಕೊಡು ಅಂತ ಅವಳ ಕೈಗೆ ಕೊಟ್ಟೆ. ನೀನು ಕಳಿಸಿದ ಪೋಣಿಸುವ ಸಾಧನವನ್ನು ಅವಳು ಮುಟ್ಟುವುದಿಲ್ಲ, ಅದು ಸೋಮಾರಿಗಳಿಗಂತೆ. ಕಿಟಕಿಯ ಬೆಳಕಿಗೆ ನಿಂತು, ಸೂಜಿಯನ್ನು ಬೈಯುತ್ತಾ, ಮೈಮರೆತು ಬಾಗಿದಾಗ ನಾನು ಹಿಂದಿನಿಂದ ಕತ್ತಿನ ಬುಡದಿಂದ ಸೊಂಟದವರೆಗೆ ಮೆಲ್ಲಗೆ ಟೇಪು ಹಾಸಿದೆ. "ಏನೋ ಅದು ಬೆನ್ನ ಮೇಲೆ?" "ಇರುವೆ ಅಜ್ಜಿ." "ಅಷ್ಟುದ್ದದ ಇರುವೆನಾ?" ಅಂದಳು, ಆದರೆ ಸೂಜಿ ಬಿಡಲಿಲ್ಲ. ಆ ಅಳತೆ ಮೊದಲಿನದಕ್ಕಿಂತ ಎಷ್ಟು ಹೆಚ್ಚಿತ್ತೆಂದರೆ, ನಾನೇ ತಪ್ಪಿದೆನೇನೋ ಅಂತ ಇನ್ನೆರಡು ಸೂಜಿ ಪೋಣಿಸಲು ಕೊಟ್ಟು ಮತ್ತೆ ಅಳೆದೆ. ಆಮೇಲೆ ಪುಸ್ತಕದಲ್ಲಿದ್ದ ಹಾಗೆ, ಬಟ್ಟೆ ಕತ್ತರಿಸಲು ಬರೆದುಕೊಂಡಿದ್ದ ಬೆನ್ನಿನ ಅಚ್ಚಿನ ಕಾಗದವನ್ನು ಹೆಗಲಿನ ಕೆಳಗೆ ಅಡ್ಡಕ್ಕೆ ಸೀಳಿ, ಬಾಗಿಲು ತೆರೆದ ಹಾಗೆ ತೆರೆದು, ನಡುವೆ ಬೇರೆ ಕಾಗದ ಅಂಟಿಸಿದೆ. ಮುಂದಿನದರ ಉದ್ದವನ್ನು ಒಂದು ಮಡಿಕೆಯಷ್ಟು ಕಡಿಮೆ ಮಾಡಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೇರೆ ಬೇರೆಯವರ ಬಟ್ಟೆ ಅನ್ನಬೇಕು, ಹಾಗಿತ್ತು. ನಾನು ತಂದು ತೋರಿಸಿದ ಮಾದರಿ ತುಂಡುಗಳಲ್ಲಿ ಬಟ್ಟೆ ಅವಳೇ ಆರಿಸಿದ್ದು, ಗಿಳಿಹಸಿರು. ಈ ವಯಸ್ಸಿಗೆ ಇಷ್ಟು ಢಾಳು ಬಣ್ಣವಾ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಇವತ್ತು ಊಟವಾದ ಮೇಲೆ ತೊಡಿಸಿದೆ. ಉಸಿರು ಬಿಡು ಅಜ್ಜಿ, ಪೂರ್ತಿ ಬಿಡು ಅಂದೆ. ಬಿಟ್ಟಳು. ನಾನು ನೆಲದ ಮೇಲೆ ಮಲಗಿ ಸುತ್ತಲೂ ಸ್ಕೇಲು ಹಿಡಿದು ನೋಡಿದೆ. ಅಂಚು ಸುತ್ತಲೂ ಒಂದೇ ಸಮ ಅಮ್ಮಾ, ಒಂದೇ ಸಮ! ಅವಳು ಬೀರುವಿನ ಕನ್ನಡಿಗೆ ಪಕ್ಕಕ್ಕೆ ತಿರುಗಿ ನಿಂತು ಬಹಳ ಹೊತ್ತು ನೋಡಿದಳು. ಕೂತಳು, ಎದ್ದಳು, ಕೈ ಎತ್ತಿದಳು. "ಕತ್ತು ಹಿಸುಕ್ತಿಲ್ಲ" ಅಂದಳು, ಅಷ್ಟೇ. ಕೆಳಗೆ ಹೋಗಿ ಗುಂಡಿ ಅಂಗಡಿಯವಳಿಗೆ ತೋರಿಸಿ ಬರೋಣವಾ ಅಂದೆ. "ನೋಡೋಣ" ಅಂತ ಬಿಚ್ಚಿ, ಮೊಳೆಗೆ ನೇತುಹಾಕಿ ಮಲಗಿದಳು. ಆ ನೋಡೋಣಕ್ಕೆ ಏನರ್ಥವೋ ನನಗೆ ತಿಳಿಯದು. ಆದರೂ ಖುಷಿ ತಡೆಯಲಾರದೆ ನಿನಗೆ ಬರೆಯುತ್ತಿದ್ದೇನೆ.

ಇನ್ನು ನಿನ್ನ ಸರದಿ. ಕುತ್ತಿಗೆ ಜಗ್ಗದ, ಬೆನ್ನ ಮೇಲೆ ಪಟ್ಟಿ ಅಡ್ಡಹಾಯುವ ಏಪ್ರನ್ ಒಂದು ಪುಸ್ತಕದಲ್ಲಿದೆ. ನಿನ್ನ ಅಳತೆ ಬರೆದು ಕಳಿಸು. ಅಳೆಯುವಾಗ ಮಾತ್ರ ನಿಮ್ಮಮ್ಮನ ಹಾಗೆ ಸೆಟೆದು ನಿಲ್ಲಬೇಡ, ಸೌಟು ಹಿಡಿದು ನಿಂತಾಗ ಯಾರ ಕೈಯಲ್ಲಾದರೂ ಅಳೆಸು. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ನಮಸ್ಕಾರ ಹೇಳು. ನಿನ್ನ ಆಶೀರ್ವಾದ ನನ್ನ ಮೇಲೂ ನನ್ನ ಹೊಲಿಗೆ ಮಿಷನ್ನಿನ ಮೇಲೂ ಇರಲಿ.

ನಿನ್ನ ಮಗ,
ಗುಮ್ಮ

ಇನ್ನೊಂದು ಮಾತು: ಸೋಮವಾರ ಬೆಳಿಗ್ಗೆ ಅವಸರದಲ್ಲಿ ಬರೆಯುತ್ತಿದ್ದೇನೆ, ಲಾಂಡ್ರಿಗೆ ಹೊತ್ತಾಯಿತು. ನಾನು ಏಳುವ ಮೊದಲೇ ಅಜ್ಜಿ ಹಸಿರು ಗೌನು ತೊಟ್ಟು, ತಲೆ ಬಾಚಿಕೊಂಡು ನನ್ನ ಹಾಸಿಗೆಯ ಪಕ್ಕ ನಿಂತಿದ್ದಳು. "ಏಯ್ ಗುಮ್ಮ, ಇದಕ್ಕೆ ಜೇಬೆಲ್ಲೋ?" ಅಂದಳು. ಪುಸ್ತಕದ ಚಿತ್ರದಲ್ಲಿ ಇರಲಿಲ್ಲ ಅಂದೆ. "ಪುಸ್ತಕದೋಳು ಮನೇಲೇ ಬಿದ್ದಿರ್ತಾಳೇನೋ. ನಾನು ಬೀಗದ ಕೈ ಎಲ್ಲಿಟ್ಕೊಂಡು ಹೋಗ್ಲಿ?" ಗೌನು ಬಿಚ್ಚಿಸಿಕೊಂಡು, ಅವಳಿಗೆ ದುಪ್ಪಟಿ ಹೊದಿಸಿ ಕೂರಿಸಿ, ಉಳಿದ ತುಂಡಿನಲ್ಲಿ ಬಲಗಡೆಗೆ ಒಂದು ಜೇಬು ಹೊಲಿದುಕೊಟ್ಟೆ.